ಮೆಹರ್ ಆಪಾ ತೀರಿಸಿಕೊಂಡ ಸೇಡು

ಪರದೇಶದ ಆ ಟಿವಿ ಕಚೇರಿಗೆ ಇಂಟರ್ನ್ ಆಗಿ ಸೇರಿದ ಮೊದಲ ದಿನ, ಕೋಟು ತೊಟ್ಟ ಎತ್ತರದ ಇಂಗ್ಲಿಷ್ ವಾರ್ತಾವಾಚಕನೊಬ್ಬ ನಾನು ಕರ್ನಾಟಕದವಳೆಂದು ತಿಳಿದು ಕೈಕುಲುಕಿ, ಹೆಮ್ಮೆಯಿಂದ ಹೇಳಿದ: "ನಾ ಭಾಳ ಹುಚ್ಚ ಇದ್ದೀನ್ರಿ."

ಕೊಲ್ಲಿಯ ಆ ನಗರದಲ್ಲಿ ನಮ್ಮ ಸೇಡಂ ಬಸ್‌ಸ್ಟ್ಯಾಂಡಿನ ಕನ್ನಡ ಕೇಳಿ ನಾನು ನಗು ನುಂಗಿಕೊಂಡೆ. ಆ ಮಾತಿಗೆ 'ನಿಮ್ಮನ್ನು ಕಂಡು ಸಂತೋಷವಾಯಿತು' ಎಂಬ ಅರ್ಥವಿದೆ ಎಂದು ಅವನು ನಂಬಿದ್ದ. ಹಾಗೆ ಕಲಿಸಿದವರು ಎಡಿಟಿಂಗ್ ಕೋಣೆಯ ಮೆಹರ್ ಆಪಾ. ಶಹಾಬಾದಿನವರು. ಮಧ್ಯಾಹ್ನ ಅವರನ್ನು ಹುಡುಕಿಕೊಂಡು ಹೋಗಿ, ವಸುಧಾ ಎಂದು ಹೆಸರು ಹೇಳಿಕೊಂಡೆ.

"ಯಾಕ್ ಆಪಾ ಹಂಗ ಕಲಿಸೀರಿ?"

"ಮೀಟಿಂಗಿನ್ಯಾಗ ಎಲ್ಲಾರ ಮುಂದ ನನ್ನ ಇಂಗ್ಲಿಷ್ ಆಡಿಕೊಂಡು ನಕ್ಕಿದ್ದ. ಈಗ ದಿನಾ ತನ್ನ ಬಾಯಿಲೇ ತಾನೇ ಹೇಳ್ಕೊಂಡು ತಿರುಗಾಕತ್ತಾನ. ನೀ ಕುಂದ್ರು, ಚಾ ಕುಡಿ."

ಆಪಾಗೆ ಆಗ ನಲವತ್ತರ ಆಸುಪಾಸು. ಕೂದಲಿಗೆ ಮೆಹಂದಿ ಬಣ್ಣ, ಕಿವಿಯ ಮೇಲೆ ಸದಾ ಹೆಡ್‌ಫೋನು. ಅವರ ತಂದೆ ಶಹಾಬಾದಿನಲ್ಲಿ ಹಾಸುಗಲ್ಲಿಗೆ ಪಾಲಿಶ್ ಹಾಕುತ್ತಿದ್ದರಂತೆ. ಆಪಾ ಯಾರ ಮೇಲೂ ಕೂಗಾಡಿದ್ದನ್ನು ನಾನು ಕಾಣೆ. ಆದರೆ ಯಾವುದನ್ನೂ ಮರೆಯುತ್ತಿರಲಿಲ್ಲ. ಹುಡುಗಿಗೆ ಕಾಲೇಜು ಯಾಕೆ ಎಂದಿದ್ದ ಚಿಕ್ಕಪ್ಪನ ಮಗಳ ಮದುವೆಗೆ ಹೋಗಿ, ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿ, ತಾವು ಮಾತ್ರ ಒಂದು ಗುಟುಕು ನೀರೂ ಕುಡಿಯದೆ ಹೊರಟು ಬಂದಿದ್ದರು. "ಅಂವಗ ಗೊತ್ತಾಗ್ಬೇಕಲ್ಲ" ಎನ್ನುತ್ತಿದ್ದರು. ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ನಾನೊಮ್ಮೆ ಅಂದಾಗ ಸಿಕ್ಕ ಉತ್ತರ: "ಮಾಫಿ ಮಾಡ್ಲಿಕ್ಕ ಅಲ್ಲಾ ಇದ್ದಾನ. ನನಗ ಬ್ಯಾರೆ ಕೆಲ್ಸ ಅದ."

ಊರಲ್ಲೆಲ್ಲ ಆಗ ಫುಟ್‌ಬಾಲಿನದೇ ಮಾತು. ಜಗತ್ತೇ ಬಂದು ಸೇರುವ ಪಂದ್ಯಾವಳಿಗೆ ಕೆಲವೇ ತಿಂಗಳು ಉಳಿದಿದ್ದವು. ಅದಕ್ಕೂ ಮೊದಲು ತೋರಿಸಬೇಕಾದ ಕಿರುಚಿತ್ರಗಳನ್ನು ನಮ್ಮ ವಿಭಾಗ ಮಾಡುತ್ತಿತ್ತು. ನಮ್ಮ ಪ್ರೊಡ್ಯೂಸರ್ ವಿಕ್ರಮ್, ಚೆನ್ನಾಗಿ ಮಾತಾಡಬಲ್ಲ, ಚೆನ್ನಾಗಿ ನಗಬಲ್ಲ ಮನುಷ್ಯ.

ಒಂದು ಶುಕ್ರವಾರ ರಜೆಯಲ್ಲಿ ಆಪಾ ನನ್ನನ್ನು ಕೂಲಿಕಾರರ ವಸತಿಗೆ ಕರೆದುಕೊಂಡು ಹೋದರು. ಅಲ್ಲಿ ಶರಣಪ್ಪ ಸಿಕ್ಕ. ಶಹಾಬಾದಿನ ಪಕ್ಕದ ಭಂಕೂರಿನವನು; ಕ್ರೀಡಾಂಗಣದ ಅಂಗಳಕ್ಕೆ ಕಲ್ಲು ಹಾಸಲು ಬಂದವನು. ಹಾಸುಗಲ್ಲೊಂದು ಜಾರಿ ಅವನ ಬಲಪಾದ ನಜ್ಜುಗುಜ್ಜಾಗಿತ್ತು. ಗುತ್ತಿಗೆದಾರ ಅವನನ್ನು ದೊಡ್ಡ ಆಸ್ಪತ್ರೆಗೆ ಸೇರಿಸದೆ, ಹೊರಗೆ ಸುದ್ದಿಯಾಗದಂತೆ ಕೋಣೆಯಲ್ಲೇ ಮಲಗಿಸಿದ್ದ. ನಮ್ಮ ಕನ್ನಡ ಕೇಳಿದ್ದೇ ಅವನ ಮುಖ ಅರಳಿತು. ಆಪಾ ಕ್ಯಾಮೆರಾ ಇಟ್ಟು ಮಾತಾಡಿಸಿದರು.

"ಕಲ್ಲು ಬಿದ್ದಾಗ ಯಾರೂ ನನ್ನ ಕಾಲು ನೋಡ್ಲಿಲ್ರಿ ಅಕ್ಕೋರ," ಎಂದ ಶರಣಪ್ಪ. "ಕಲ್ಲು ಒಡದದೇನು ಅಂತ ನೋಡಿದ್ರು."

ಆಪಾ ಅದನ್ನು ಕಿರುಚಿತ್ರ ಮಾಡಿ, ನಾನು ಇಂಗ್ಲಿಷ್ ಅಡಿಬರಹ ಬರೆದು, ವಿಕ್ರಮನ ಕೈಗೆ ಕೊಟ್ಟೆವು. ಅವನು ಕಣ್ಣೊರೆಸಿಕೊಂಡು ಹೊಗಳಿದ. ಆಮೇಲೆ ಪ್ರಸಾರವಾದದ್ದೇ ಬೇರೆ. ಶರಣಪ್ಪನ ಅರಳಿದ ಮುಖವಷ್ಟೇ ಉಳಿದಿತ್ತು. ಅವನ ಮಾತೂ ಇಲ್ಲ, ಕಾಲೂ ಇಲ್ಲ. ಹಿಂದೆ ಹಬ್ಬದ ಸಂಗೀತ, ದುಡಿಯುವ ಕೈಗಳ ಗುಣಗಾನ. ನಿರ್ದೇಶನ ವಿಕ್ರಮ್. ಅಷ್ಟಕ್ಕೇ ನಿಲ್ಲಲಿಲ್ಲ. ಗುತ್ತಿಗೆದಾರನ ಸ್ನೇಹ ಉಳಿಸಿಕೊಳ್ಳಲು ನಮ್ಮ ಪೂರ್ತಿ ಚಿತ್ರವನ್ನು ಅವನಿಗೆ ಮೊದಲೇ ತೋರಿಸಿದ್ದ. ಅದೇ ವಾರ ಶರಣಪ್ಪನನ್ನು ವಿಮಾನ ಹತ್ತಿಸಿ ಊರಿಗೆ ಕಳಿಸಿಬಿಟ್ಟರು. ಗಾಯ ಇನ್ನೂ ಒಣಗಿರಲಿಲ್ಲ.

ನಾನು ಅತ್ತೆ. ಆಪಾ ಎದ್ದು ವಿಕ್ರಮನ ಕೋಣೆಗೆ ಹೋಗಿ, ಚಿತ್ರ ಬಹಳ ಚೆನ್ನಾಗಿ ಬಂದಿದೆ ಎಂದು ಉರ್ದುವಿನಲ್ಲಿ ಮೆಚ್ಚಿ ಬಂದರು. ಅಂದಿನಿಂದ ಅವನನ್ನು 'ಸಾಬ್' ಎಂದು ಕರೆಯತೊಡಗಿದರು. ಅವನಿಗೆ ಚಹಾ ತಂದುಕೊಟ್ಟರು. ನನಗೆ ಮೈ ಉರಿಯುತ್ತಿತ್ತು.

"ನಾಚಿಕಿ ಬರಲ್ಲೇನು ಆಪಾ ನಿಮಗ?"

"ತಡಿ ತಂಗಿ," ಎಂದರು. ಅಷ್ಟೇ.

ಪಂದ್ಯಾವಳಿಗೆ ಮುನ್ನ, ದೇಶದೇಶಗಳ ಪತ್ರಕರ್ತರನ್ನು ಕರೆದು ಕಿರುಚಿತ್ರಗಳನ್ನು ತೋರಿಸುವ ಒಂದು ಕಾರ್ಯಕ್ರಮವಿತ್ತು. ಅಲ್ಲಿ ತೋರಿಸುವ ಪ್ರತಿಗಳನ್ನು ಸಿದ್ಧಪಡಿಸುವ ಕೆಲಸವನ್ನು ವಿಕ್ರಮ್ ಆಪಾಗೇ ಒಪ್ಪಿಸಿದ್ದ. ವಿಕ್ರಮ್ ವೇದಿಕೆ ಹತ್ತಿ, ದುಡಿಯುವ ಕೈಗಳ ಈ ಚಿತ್ರದ ಪ್ರತಿ ದೃಶ್ಯವನ್ನೂ ತನ್ನ ಕೈಯಾರೆ ಕೂಡಿಸಿದ್ದೇನೆ ಎಂದ. ದೀಪ ಆರಿತು. ಸಂಗೀತ ಬರಲಿಲ್ಲ. ಇಡೀ ಸಭಾಂಗಣದಲ್ಲಿ ಶರಣಪ್ಪನ ಭಂಕೂರಿನ ಕನ್ನಡ ಮೊಳಗಿತು, ಕೆಳಗೆ ನನ್ನ ಅಡಿಬರಹ. ಪರದೆಯ ತುಂಬ ಅವನ ಬಲಪಾದ. ನಾನು ಪರದೆ ನೋಡಲಿಲ್ಲ, ವಿಕ್ರಮನ ಮುಖವನ್ನೇ ನೋಡುತ್ತಿದ್ದೆ. ಅರ್ಧ ಎದ್ದ, ಮತ್ತೆ ಕೂತ.

"ಹೆಸರು ಅಂವಂದೇ ಇಟ್ಟೀನಿ," ಎಂದು ಆಪಾ ನನ್ನ ಕಿವಿಯಲ್ಲಿ ಹೇಳಿದರು. "ಬೇಕಂದಿದ್ದನಲ್ಲ. ಪೂರಾ ತಗೊಳ್ಳಲಿ."

ಚಪ್ಪಾಳೆ ನಿಲ್ಲಲೇ ಇಲ್ಲ. ಪತ್ರಕರ್ತರು ಅವನನ್ನು ಸುತ್ತುಗಟ್ಟಿದರು. ಯಾವ ಗುತ್ತಿಗೆದಾರ, ಈ ಮನುಷ್ಯ ಈಗೆಲ್ಲಿದ್ದಾನೆ ಎಂದು ಒಂದೇ ಸಮನೆ ಪ್ರಶ್ನೆ. ಚಿತ್ರ ನನ್ನದು ಎಂದರೆ ಗುತ್ತಿಗೆದಾರ ಬಿಡುವುದಿಲ್ಲ. ಅಲ್ಲ ಎಂದರೆ ಈಗಷ್ಟೇ ವೇದಿಕೆಯ ಮೇಲೆ ಆಡಿದ್ದು ಸುಳ್ಳಾಗುತ್ತದೆ. ಅವನು ಬಾಗಿಲ ಕಡೆ ಸರಿದಂತೆಲ್ಲ ಪತ್ರಕರ್ತರೂ ಸರಿಯುತ್ತಿದ್ದರು. ಆಪಾ ಗೋಡೆಗೆ ಒರಗಿ ನಿಂತು ಖರ್ಜೂರ ತಿನ್ನುತ್ತಿದ್ದರು. ಇಂದಿಗೂ ಆ ದೃಶ್ಯ ನೆನೆದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಅದನ್ನು ಮುಚ್ಚಿಟ್ಟುಕೊಳ್ಳುವ ಇಚ್ಛೆ ನನಗಿಲ್ಲ.

ವಿಕ್ರಮನ ನೌಕರಿ ಹೋಯಿತು. ವಿಚಾರಣೆಯಲ್ಲಿ ಆಪಾ ನೇರವಾಗಿ, ಇದೆಲ್ಲ ತಾನೇ ಮಾಡಿದ್ದು ಎಂದರು. ನನ್ನ ಹೆಸರು ಎತ್ತಲಿಲ್ಲ. ಅವರನ್ನೂ ತೆಗೆದರು. ಅಷ್ಟು ದಿನ ದುಡಿದ ಪಂದ್ಯಾವಳಿಯ ಒಂದು ಆಟವನ್ನೂ ಅವರು ಅಲ್ಲಿದ್ದು ನೋಡಲಿಲ್ಲ. ಬೀಳ್ಕೊಡಲು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಬೇಸರವೇ ಎಂದು ಕೇಳಿದೆ.

"ನೌಕರಿ ಮತ್ತ ಸಿಗ್ತದ," ಎಂದರು. "ಆ ಹೊತ್ತಿನ ಅಂವನ ಮಾರಿ ನೋಡ್ಲಿಕ್ಕ ಮತ್ತ ಸಿಗ್ತದೇನು?"

ಪಂದ್ಯಾವಳಿ ಮುಗಿಸಿ ನಾನು ಊರಿಗೆ ಬಂದ ಮೇಲೆ ಇಬ್ಬರೂ ಸೇರಿ ಭಂಕೂರಿಗೆ ಹೋದೆವು. ಶರಣಪ್ಪ ಊರುಗೋಲು ಪಕ್ಕಕ್ಕಿಟ್ಟು ಕಟ್ಟೆಯ ಮೇಲೆ ಕೂತಿದ್ದ. ಊರಿಗೆ ಬರುವಷ್ಟರಲ್ಲಿ ಕೀವು ತುಂಬಿ, ಕಲಬುರಗಿಯ ಆಸ್ಪತ್ರೆಯಲ್ಲಿ ಪಾದ ತೆಗೆದಿದ್ದರು.

"ಆ ಟಿವಿ ಸಾಹೇಬನ ನೌಕರಿ ಹೋಯ್ತಂತ, ಖರೇ ಏನ್ರಿ ಅಕ್ಕೋರ?"

"ಖರೇ."

"ಹೆಂಗಾಯ್ತು ಹೇಳ್ರಿ."

ಆಪಾ ಹೇಳಿದರು. ವಿಕ್ರಮ್ ಅರ್ಧ ಎದ್ದು ಕೂತದ್ದನ್ನು ತಾವೇ ಎದ್ದು ಕೂತು ತೋರಿಸಿದರು. ಶರಣಪ್ಪ ತೊಡೆ ತಟ್ಟಿಕೊಂಡು ನಕ್ಕ. ಹೆಂಡತಿಯನ್ನು ಒಳಗಿನಿಂದ ಕರೆದು, ಇನ್ನೊಮ್ಮೆ ಹೇಳಿ ಎಂದ. ಆಪಾ ಇನ್ನೊಮ್ಮೆ ಹೇಳಿದರು, ಇನ್ನಷ್ಟು ಚೆನ್ನಾಗಿ. ಆ ಹೆಂಗಸು ಬಾಗಿಲಿಗೆ ಆತು ನಿಂತು ಪೂರ್ತಿ ಕೇಳಿಸಿಕೊಂಡಳು. ನಗಲಿಲ್ಲ.

"ಎಲ್ಲಾ ಖರೇರಿ," ಎಂದಳು. "ಆ ಸಾಹೇಬನ ಕಾಲು ನೆಟ್ಟಗ ಅವಲ್ರಿ?"

ಅವಳು ಒಳಗೆ ಹೋಗಿ ನಮಗೆ ಚಹಾ ತಂದುಕೊಟ್ಟಳು.

ಆಮೇಲೆ ಆಪಾ ಬೇರೊಂದು ದೇಶಕ್ಕೆ ಕೆಲಸಕ್ಕೆ ಹೋದರು. ಅವರ ಹಳೆಯ ನಂಬರು ಈಗ ಹತ್ತುವುದಿಲ್ಲ. ಅಂದು ಭಂಕೂರಿನಿಂದ ಹೊರಟಾಗ ನಾನು ವಾಡಿಗೆ ಹೋಗಿ ರೈಲು ಹಿಡಿಯಬೇಕಿತ್ತು. ಅವರು ಶಹಾಬಾದಿನ ಆಟೋಗೆ ಕಾಯುತ್ತಿದ್ದರು. ಆಟೋ ಬಂತು. ಹತ್ತಿ ಕೂತು, ಸೆರಗು ಎಳೆದುಕೊಂಡು, ನನ್ನ ಮುಖ ನೋಡದೆ ಹೇಳಿದರು:

"ನಾ ಮಾಡಿದ್ದು ಕಮ್ಮಿ ಬಿತ್ತು, ವಸುಧಾ."