ಹನ್ನೆರಡನೆಯ ದಿನ ನಿಂತ ಲೆಕ್ಕ

“ನನ್ನ ಕಂಪ್ಯೂಟರ್ ಬಂದ್ ಮಾಡಿದವರು ಯಾರು?” ಎಂದು ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಕೂಗಿದೆ.

ಸಾಂಗ್ಲಿಯ ನಮ್ಮ ಕಾಲೇಜಿನ ಕೆಳಮಹಡಿಗೆ ಕೃಷ್ಣೆ ನುಗ್ಗಿತ್ತು. ಮಿರಜದಿಂದ ಹೇಗೋ ಬಂದು ತಲುಪಿದ ನನಗೆ ಕಂಡದ್ದು ಮೊಣಕಾಲುದ್ದ ನೀರಲ್ಲಿ ನಿಂತ ಖಾಲಿ ಮೇಜು. ನೀರಿನ ಆರು ಅಣುಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹೇಗೆ ಹಿಡಿದುಕೊಳ್ಳುತ್ತವೆ ಎಂಬ ನನ್ನ ಪಿಎಚ್.ಡಿ. ಲೆಕ್ಕ ಆ ಕಂಪ್ಯೂಟರಿನಲ್ಲಿ ಹನ್ನೆರಡು ದಿನಗಳಿಂದ ಓಡುತ್ತಿತ್ತು.

“ನಾನ ಮಾಡೇನ್ರಿ ಮ್ಯಾಡಮ್,” ಎಂದರು ಮಹಡಿಯಿಂದ ಇಳಿಯುತ್ತಿದ್ದ ವಾಚ್‌ಮನ್ ಶಿವಪ್ಪ ಕಾಕಾ. ಬೆಳಗಿನ ಜಾವ ನೀರು ಒಳಗೆ ಬಂದಾಗ ಅವರು ಪ್ಲಗ್ ಕಿತ್ತು, ಕಂಪ್ಯೂಟರನ್ನು ಎರಡನೇ ಮಹಡಿಗೆ ಹೊತ್ತೊಯ್ದು, ತಮ್ಮ ಕಂಬಳಿ ಹೊದಿಸಿಟ್ಟಿದ್ದರು. ಹನ್ನೆರಡು ದಿನದ ಕೆಲಸ ಹೋಯಿತೆಂದು ನಾನು ಅವರಿಗೆ ವಿವರಿಸಿದೆ.

“ನೀರಿನ ಆರು ಕಣಕ್ಕ ಹನ್ನೆರಡು ದಿನಾ?” ಎಂದರು ಕಾಕಾ. “ಕೃಷ್ಣಾಮಾಯಿ ಒಂದ ತಾಸಿನ್ಯಾಗ ಬಂದ್ಳಲ್ರಿ.”

ಅವರ ಮನೆ ಹೊಳೆಯಾಚೆ ಸಾಂಗ್ಲಿವಾಡಿಯಲ್ಲಿದೆ ಎಂಬುದು ನನಗೆ ಆಗ ನೆನಪಾಯಿತು. ಮನೆ ಏನಾಯಿತೆಂದು ಕೇಳಿದೆ.

“ನೀರಾಗ ಐತ್ರಿ. ಮನಿ ಮಂದೀನ ನಿನ್ನೇನ ಮಾಲಗಾಂವಕ್ಕ ಕಳಿಸೇನಿ. ಮನ್ಯಾಗ ಕಂಪ್ಯೂಟರ್ ಇಲ್ಲಲ್ರಿ, ಚಿಂತಿಲ್ಲ.”

ನನಗೆ ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ.

ನೀರು ಇಳಿದ ಮೇಲೆ ಲೆಕ್ಕವನ್ನು ಮೊದಲಿನಿಂದ ಓಡಿಸಿದೆ, ಉತ್ತರ ಬಂತು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಶಿವಪ್ಪ ಕಾಕಾರ ಹೆಸರೇ ಮೊದಲನೆಯದು. ಇವರು ಯಾವ ಕಾಲೇಜಿನ ಪ್ರಾಧ್ಯಾಪಕರು ಎಂದು ಪರೀಕ್ಷಕರು ಕೇಳಿದರು. ನಮ್ಮ ಕಾಲೇಜಿನವರೇ ಎಂದೆ.