ಲೂವೆಲ್ಲಾ ಬಳಿದ ಕಪ್ಪು

ಲೂವೆಲ್ಲಾ ಹ್ಯಾಡ್ಸೆಲ್ ಮಂಗಳವಾರ ಬೆಳಗಿನ ಜಾವ ಬರ್ಬ್ಯಾಂಕಿನ ತನ್ನ ಮನೆಯಲ್ಲಿ, ನಿದ್ದೆಯಲ್ಲೇ ತೀರಿಕೊಂಡಳು. ಅರವತ್ತನಾಲ್ಕು ವರ್ಷವಾಗಿತ್ತು. ಪತ್ರಿಕೆಯವರು "ಚಿತ್ರರಂಗದಲ್ಲಿ ದುಡಿದಿದ್ದರು" ಎಂದು ಅರ್ಧ ಸಾಲು ಬರೆದರು. ಅದನ್ನು ಓದಿದ ಮೇವಿಸ್ ಟ್ರುಡೆಲ್‌ಗೆ, ತನ್ನ ಗೆಳತಿ ಯಾವುದೋ ನಟಿಗೆ ಕೊಡೆ ಹಿಡಿದು ನಿಂತಿದ್ದಳೇನೋ ಅನ್ನಿಸಿತು.

ಲೂವೆಲ್ಲಾ ಮಾಡಿದ್ದು ಬೇರೆ ಕೆಲಸ. ಕಾರ್ಟೂನ್ ಸ್ಟುಡಿಯೋದಲ್ಲಿ ಗಾಜಿನಂಥ ತೆಳು ಹಾಳೆಯ ಮುಂಬದಿಗೆ ಗೆರೆ ಎಳೆದು ಕೊಟ್ಟರೆ, ಅವಳು ಹಿಂಬದಿಯಿಂದ ಬಣ್ಣ ತುಂಬುತ್ತಿದ್ದಳು. ಯಾವ ಪ್ರಾಣಿಯ ಯಾವ ಭಾಗಕ್ಕೆ ಯಾವ ಬಣ್ಣವೆಂದು ಚೀಟಿಯಲ್ಲಿ ನಂಬರು ಇರುತ್ತಿತ್ತು. ಚೀಟಿ ಹೇಳಿದಂತೆ ಬಳಿಯುವುದು. ತಲೆ ಓಡಿಸುವುದಕ್ಕೆ ಸಂಬಳವಿರಲಿಲ್ಲ. ಬಳಿದ ಹಾಳೆಗಳನ್ನು ತಾಳೆ ನೋಡಿ ಸಹಿ ಹಾಕುವವಳು ಮೇವಿಸ್.

೧೯೪೯ರಲ್ಲಿ ಲೂವೆಲ್ಲಾ ಸೇರಿ ಎರಡು ತಿಂಗಳಾಗಿತ್ತು. ಏಳು ನಿಮಿಷದ ಚಿತ್ರ: ಬೆಕ್ಕಿಗಿಂತ ತುಸು ದೊಡ್ಡ ಕಾಡುಪ್ರಾಣಿಗಳಾದ ಮೂರು ರಕೂನುಗಳು ಕುದುರೆಯೇರಿ ಬಂದು ಬ್ಯಾಂಕು ದೋಚುತ್ತವೆ, ಊರ ಪೊಲೀಸನಾದ ನಾಯಿ ಷರೀಫ್ ಅವುಗಳನ್ನು ಹಿಡಿದು ಕಪ್ಪು ಮುಖವಾಡ ಕಿತ್ತುಹಾಕುತ್ತಾನೆ. ಒಳಗಿನ ಮುಖವೆಲ್ಲ 'ಬೂದು ನಾಲ್ಕು' ಎಂದಿತ್ತು ಚೀಟಿ. ಶುಕ್ರವಾರ ಮಧ್ಯಾಹ್ನ ಮೇವಿಸ್ ಕೈಗೆ ಬಂದ ನಲವತ್ತೆಂಟು ಹಾಳೆಗಳಲ್ಲೂ ಮುಖವಾಡದಡಿ, ಕಣ್ಣಿನ ಸುತ್ತ, ಮತ್ತೆ ಅದೇ ಕಪ್ಪು.

"ಏನೇ ಇದು, ಅಯೋವಾ?" ಎಂದಳು ಮೇವಿಸ್. ಲೂವೆಲ್ಲಾಳನ್ನು ಎಲ್ಲರೂ ಅವಳು ಬಂದ ಹಳ್ಳಿಗಾಡಿನ ರಾಜ್ಯದ ಹೆಸರಿನಿಂದಲೇ ಕರೆಯುತ್ತಿದ್ದರು. "ಮುಖವಾಡ ಕಿತ್ತಾಯ್ತಲ್ಲ?"

"ಮುಖವಾಡ ತಾನೇ ಕಿತ್ತಿದ್ದು? ಮುಖ ಕೀಳೋಕಾಗುತ್ತಾ? ರಕೂನ್ ಹುಟ್ಟೋದೇ ಹಂಗೆ ಕಣೇ. ನಮ್ಮ ಕೋಳಿಗೂಡಿಗೆ ಬರ್ತಿದ್ದವೆಲ್ಲಾ ಹಂಗೇ ಇದ್ವು."

"ಚೀಟಿ ಬರೆಯೋದು ನಿಮ್ಮ ಕೋಳಿಗೂಡಲ್ಲ. ಓದ್ಕೊಂಡು ಬಳಿಯೋಕೆ ಏನಾಗಿತ್ತು ನಿಂಗೆ?"

"ಓದ್ದೆ. ಬರೆದೋರು ಪೇಟೆಯೋರು, ಪಾಪ, ಅಂದ್ಕೊಂಡೆ."

ಹೊಸಬಳು ಇಷ್ಟು ಹಾಳೆ ಕೆಡಿಸಿದರೆ ಸೋಮವಾರ ಮತ್ತೆ ಬರುವ ತೊಂದರೆ ಇರುತ್ತಿರಲಿಲ್ಲ. ಕ್ಯಾಮೆರಾದವನು ಹಾಳೆಗಳಿಗಾಗಿ ಬಾಗಿಲಲ್ಲಿ ಕಾದು ನಿಂತಿದ್ದ. ಮೇವಿಸ್ ಸಹಿ ಹಾಕಿದಳು.

ಚಿತ್ರ ಹಾಕಿ ನೋಡಿದ ದಿನ, ಷರೀಫ್ ಮುಖವಾಡ ಕಿತ್ತ. ಕೆಳಗೆ ಇನ್ನೊಂದು ಮುಖವಾಡ. ನಿರ್ಮಾಪಕ ಹೊಟ್ಟೆ ಹಿಡಿದುಕೊಂಡು ನಕ್ಕ.

"ಯಾರ ತಲೆಗೆ ಹೊಳೀತಯ್ಯಾ ಇದು?"

ನಿರ್ದೇಶಕ ಕ್ರಾಂಡಲ್ ಟೈ ಸರಿಪಡಿಸಿಕೊಂಡ. "ಸ್ನಾನ ಮಾಡ್ತಿದ್ದಾಗ ಹೊಳೀತು ಸಾರ್."

ಆಮೇಲೆ ಬಾಯಿ ಬಿಡುವಂತಿರಲಿಲ್ಲ. ಆ ಕಪ್ಪು ನನ್ನದು ಎಂದು ಲೂವೆಲ್ಲಾ ಹೇಳಿದರೆ, ಗೊತ್ತಿದ್ದೂ ಸಹಿ ಹಾಕಿದವಳು ಮೇವಿಸ್ ಎಂದೂ ಹೇಳಿದಂತೆ. ಮೇವಿಸ್‌ಗೆ ಇಬ್ಬರು ಮಕ್ಕಳು, ಗಂಡ ಯುದ್ಧದಿಂದ ಮರಳಿರಲಿಲ್ಲ. ಲೂವೆಲ್ಲಾ ಸುಮ್ಮನಾದಳು. ಕ್ರಾಂಡಲ್ ಆ ನಗೆಯ ಬಗ್ಗೆ ಭಾಷಣ ಮಾಡಿದ, ಹೆಸರು ಮಾಡಿದ, ಕೊನೆಗೆ ಸತ್ತ. ಹೆಸರು ತನಗೆ ಬರಲಿಲ್ಲವೆಂದು ಲೂವೆಲ್ಲಾ ಕೊರಗಲಿಲ್ಲ. ಅದನ್ನು ಎಲ್ಲರೂ ಜೋಕು ಅನ್ನುತ್ತಾರಲ್ಲ ಎಂಬುದು ಮಾತ್ರ ಇಪ್ಪತ್ತೆಂಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಅವಳು ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಸಂಜೆ, ಕಾಲೇಜೊಂದರಲ್ಲಿ ಹಳೆಯ ಕಾರ್ಟೂನುಗಳನ್ನು ತೋರಿಸಿದರು. ಇಬ್ಬರೂ ಹೋಗಿದ್ದರು. ಮುಖವಾಡ ಕೀಳುವ ಹೊತ್ತಿಗೆ ಸಭಾಂಗಣ ನಕ್ಕಿತು. ದೀಪ ಹತ್ತಿದ ಮೇಲೆ ಗಡ್ಡದ ಪ್ರಾಧ್ಯಾಪಕರು ಮೈಕಿನಲ್ಲಿ, "ಇದು ಕ್ರಾಂಡಲ್ ಪ್ರತಿಭೆ" ಎಂದರು.

ಮೇವಿಸ್ ಗೆಳತಿಯ ಪಕ್ಕೆಗೆ ತಿವಿದಳು. "ನಂಗೆ ಪಿಂಚಣಿ ಬಂದು ಒಂಬತ್ತು ವರ್ಷ ಆಯ್ತು ಕಣೇ. ಇನ್ನು ಯಾರಿಗೋಸ್ಕರ ಬಾಯಿ ಹೊಲ್ಕೊಂಡು ಕೂತಿದ್ದೀಯ? ಏಳೇ!"

ಲೂವೆಲ್ಲಾ ಎದ್ದಳು.

"ಅದು ನಾನು ಬಳಿದಿದ್ದು. ಪ್ರತಿಭೆ ಗಿತಿಭೆ ಏನಲ್ಲ. ರಕೂನ್ ಇರೋದೇ ಹಾಗೆ."

ಸಭೆ ಗೊಳ್ಳೆಂದಿತು. ಅವಳು ನಗಲಿಲ್ಲ. ಕೊನೆಯವನು ನಗು ನಿಲ್ಲಿಸುವವರೆಗೂ ನಿಂತೇ ಇದ್ದಳು. ಆಮೇಲೆ ಅದೇ ಮಾತನ್ನು ಇನ್ನೊಂದು ಸಲ, ನಿಧಾನವಾಗಿ ಹೇಳಿ ಕೂತಳು.