ಸಾಹುಕಾರರ ಹೆಬ್ಬೆರಳು

ನನ್ನ ಮೇಜಿನ ಮೇಲೊಂದು ಮೆತ್ತಗಾದ ಲಿಂಬೆಹಣ್ಣಿದೆ. ಬೆಳಿಗ್ಗೆ ಸೊಸೆ ಎಸೆಯಲು ಕೈಹಾಕಿದಳು, ಗದರಿದೆ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ, ಕೇಳಿ.

ನಮ್ಮ ಗುರುಪಾದಪ್ಪ ಸಾಹುಕಾರರು ಇಂಡಿ ಊರಿನ ಲಿಂಬೆ ವ್ಯಾಪಾರಿ. ಹಣ್ಣನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಒಂದನೇ ನಂಬರೋ ಎರಡನೆಯದೋ ಎಂದು ಮುಖಕ್ಕೇ ಹೇಳಿಬಿಡುವವರು. ಮೋರಟಗಿಯ ರೈತರು ಬೈಯುತ್ತಲೇ ಅವರಿಗೇ ಮಾಲು ಕೊಡುತ್ತಿದ್ದರು. ಅಂಥವರು ಸಿಂದಗಿ ಕಡೆಯಿಂದ ಚುನಾವಣೆಗೆ ನಿಂತರು. ಭಾಷಣ ಬರೆಯುವ ಹೊಣೆ ಅವರ ಗೆಳೆಯನೂ ಶಾಲಾ ಮಾಸ್ತರನೂ ಆದ ನನ್ನದು. ನನ್ನ ಒಂದೊಂದು ಸಂಸ್ಕೃತ ಶಬ್ದ ದಾಟುವಷ್ಟರಲ್ಲಿ ಅವರಿಗೆ ನೀರು ಬೇಕಾಗುತ್ತಿತ್ತು.

ದೊಡ್ಡವರು ಬಂದರೆ ಕೈಗೊಂದು ಲಿಂಬೆಹಣ್ಣು ಕೊಡುವುದು ನಮ್ಮ ಕಡೆಯ ಮರ್ಯಾದೆ. ಯಂಕಂಚಿಯಲ್ಲಿ ಊರ ಹಿರಿಯರೊಬ್ಬರು ತಮ್ಮದೇ ತೋಟದ ಹಣ್ಣು ಕೊಟ್ಟರು. ಸಾಹುಕಾರರ ಹೆಬ್ಬೆರಳು ತನ್ನ ಕೆಲಸ ಮಾಡಿತು.

"ಎರಡನೇ ನಂಬರ ಐತ್ರಿ ಯಜಮಾನ್ರ. ಸಿಪ್ಪಿ ದಪ್ಪ, ರಸ ಕಮ್ಮಿ."

ಯಜಮಾನರು ತಲೆಯ ಪಟಕಾ ಸರಿಮಾಡಿಕೊಂಡು, "ನಮ್ಮೂರಿನ ವೋಟೂ ಎರಡನೇ ನಂಬರ ಅದಾವ್ರಿ. ನಿಮಗ್ಯಾಕ ಬೇಕು?" ಎಂದರು. ಆ ಸಲ ಸೋತೆವು.

ಮುಂದಿನ ಸಲ ನಾನೇ ಪಾಠ ಹೇಳಿದೆ. "ಹಣ್ಣು ಕೊಟ್ರ ಹಿಚುಕಿ ನೋಡಬ್ಯಾಡ್ರಿ. ಕಣ್ಣಿಗೆ ಹಚ್ಚಿಕೊಳ್ರಿ, ಭಾಳ ಛಲೋ ಐತಿ ಅನ್ರಿ, ಕಿಸೆದಾಗ ಹಾಕ್ಕೊಳ್ರಿ."

ಹಾಗೇ ಮಾಡಿ ಗೆದ್ದರು. ನಾನು ಬೀಗಿದ್ದೇ ಬೀಗಿದ್ದು. ಆದರೆ ಗೆದ್ದ ಮೇಲೆ ಎಲ್ಲದಕ್ಕೂ 'ಭಾಳ ಛಲೋ' ಶುರುವಾಯಿತು: ಹೊಂಡ ಬಿದ್ದ ರಸ್ತೆಗೂ, ನನ್ನ ಭಾಷಣಕ್ಕೂ. ಮುಖಕ್ಕೆ ನಿಜ ಹೇಳುತ್ತಿದ್ದ ಗೆಳೆಯನನ್ನು ನಾನೇ ಕೆಡಿಸಿದೆನೇ ಎಂದು ಸಂಕಟವಾಯಿತು.

ನಿನ್ನೆ ಪರೀಕ್ಷೆಗೆಂದೇ ಬುಟ್ಟಿಯ ತಳದ ಅತಿ ಕೆಟ್ಟ ಹಣ್ಣನ್ನು ಆರಿಸಿ ಒಯ್ದು, ಜನರ ನಡುವೆ ಕುಳಿತಿದ್ದ ಅವರ ಕೈಗೆ ಕೊಟ್ಟೆ. ಕಣ್ಣಿಗೆ ಹಚ್ಚಿಕೊಂಡು, "ಭಾಳ ಛಲೋ ಐತ್ರಿ ಮಾಸ್ತರ" ಎಂದು ಕಿಸೆಗೆ ಹಾಕಿದರು. ಶಿಷ್ಯರು ಪಾಸಾದರು, ಮಾಸ್ತರನ ಮುಖ ಬಾಡಿತು.

ಎದ್ದು ಹೊರಟೆ. ಸಾಹುಕಾರರು ಗೇಟಿನವರೆಗೂ ಹಿಂದೆಯೇ ಬಂದರು. ಅತ್ತಿತ್ತ ನೋಡಿ, ಹಣ್ಣನ್ನು ವಾಪಸು ನನ್ನ ಕೈಗಿಟ್ಟರು.

"ಯಾಂವ ಕೊಟ್ಟಾನ್ರಿ ನಿಮಗ ಇದನ್ನ? ಉಪ್ಪಿನಕಾಯಿಗೂ ಬರೂದಿಲ್ಲ. ಆಗಿಂದ ಕಿಸೆದಾಗ ಒತ್ತಿ ನೋಡಾಕತ್ತೇನಿ. ಮಂದಿ ಮುಂದ ನಿಮ್ಮ ಮರ್ಯಾದಿ ಹೋಗಬಾರದಂತ ಛಲೋ ಅಂದೆ." ಗೇಟಿನ ಅಗಳಿ ತೆಗೆಯುತ್ತ ಮತ್ತೆ ಹೇಳಿದರು: "ನಾಳೆ ಸಂಜಿಕ ಮುದ್ದೇಬಿಹಾಳದಾಗ ಓದಾಕ ಬರದು ಕೊಟ್ಟೀರಲ್ಲ, ಆ ಭಾಷಣನೂ ಎರಡನೇ ನಂಬರ ಐತ್ರಿ. ಸಿಪ್ಪಿ ಭಾಳ ದಪ್ಪ."

ಬೈಸಿಕೊಂಡು ಇಷ್ಟು ಖುಷಿಯಿಂದ ನಾನೆಂದೂ ಮನೆಗೆ ಬಂದಿರಲಿಲ್ಲ. ಈ ಹಣ್ಣನ್ನು ಮುಂದಿಟ್ಟುಕೊಂಡು ಬೆಳಿಗ್ಗೆಯಿಂದ ಭಾಷಣ ತಿದ್ದುತ್ತಿದ್ದೇನೆ. ನಾಲ್ಕು ಪುಟ ಇದ್ದದ್ದು ಒಂದಕ್ಕೆ ಇಳಿದಿದೆ.